ಸೀಟು ಸಿಕ್ಕಿತು

ನಮ್ಮ ಕಡೆ ಮದುವೆಯಾದ ಹೆಣ್ಣು ತವರಿಗೆ ತಾನಾಗಿ ಹೋಗುವುದಿಲ್ಲ, ಯಾರಾದರೂ ಬಂದು ಕರೆದುಕೊಂಡು ಹೋಗಬೇಕು. ತಮ್ಮ ಬರಬೇಕು, ಜಗುಲಿಯ ಮೇಲೆ ಕೂರಬೇಕು, ಕಾಫಿ ಕುಡಿಯಬೇಕು. ಹೊಗೆಸೊಪ್ಪಿನ ರೇಟು ಹೇಗಿದೆ, ನಾಲೆಗೆ ನೀರು ಬಿಟ್ಟರೋ ಇಲ್ಲವೋ, ಎಲ್ಲ ಮಾತಾಡಿ ಮುಗಿಸಿ, ಎದ್ದು ನಿಂತು ಟವೆಲ್ಲು ಕೊಡವುವಾಗ ಆ ಒಂದು ಮಾತು ಕೇಳಬೇಕು, ಅಕ್ಕನನ್ನು ನಾಲ್ಕು ದಿನ ಕಳಿಸಿಕೊಡಿ ಅಂತ. ಅಲ್ಲಿಯವರೆಗೆ ಅಕ್ಕ ಅಡುಗೆಮನೆಯ ಬಾಗಿಲ ಹಿಂದೆ ಏನೂ ಗೊತ್ತಿಲ್ಲದವಳ ಹಾಗೆ ನಿಂತಿರಬೇಕು. ನಾನು ಹುಟ್ಟಾ ಅವಸರದವಳು. ಈ ನಾಟಕ ಆಡಿ ಆಡಿ ನನಗೆ ಸಾಕಾಗಿ ಹೋಗಿತ್ತು.

ನನ್ನ ಗಂಡನ ಮನೆ ಹುಣಸೂರು ತಾಲ್ಲೂಕಿನ ಗಾವಡಗೆರೆ. ತವರು ಕೆ.ಆರ್. ನಗರ ದಾಟಿದರೆ ಸಿಗುವ ಭೇರ್ಯ. ಸಪ್ತಸಾಗರದ ಆಚೆ ಏನಲ್ಲ. ಆದರೆ ತಮ್ಮನಿಗೆ ಗದ್ದೆ ಕೆಲಸ ಮುಗಿದರೆ ಇನ್ನೇನೋ ಶುರುವಾಗುತ್ತಿತ್ತು. ಅವ್ವನಿಗೆ ಮಂಡಿನೋವು, ಬಸ್ಸಿನ ಮೆಟ್ಟಿಲು ಹತ್ತಲಾಗುತ್ತಿರಲಿಲ್ಲ. ನಾನು ಬಾಣಂತನ ಮುಗಿಸಿಕೊಂಡು ಬಂದ ಮೇಲೆ ತವರಿಗೆ ಹೋಗಿದ್ದು ಒಂದೇ ಸಲ, ಅದೂ ಗೌರಿ ಹಬ್ಬಕ್ಕೆ. ನನ್ನ ಮಗಳು ನಡೆಯಲು ಕಲಿತದ್ದನ್ನು ಅವ್ವ ಫೋನಿನಲ್ಲಿ ಕೇಳಿದ್ದಳೇ ಹೊರತು ಕಣ್ಣಾರೆ ನೋಡಿರಲಿಲ್ಲ. ಒಂದು ಸಲ ಫೋನಿಟ್ಟುಕೊಂಡು, ಕೂಸಿನ ಗೆಜ್ಜೆ ಸದ್ದು ಕೇಳಿಸು ಅಂದಳು. ನಾನು ಫೋನನ್ನು ನೆಲದ ಹತ್ತಿರ ಹಿಡಿದೆ. ಅವತ್ತು ಮನಸ್ಸಿನಲ್ಲೇ ತೀರ್ಮಾನ ಮಾಡಿದೆ, ಇನ್ನು ಯಾರಿಗೂ ಕಾಯುವುದಿಲ್ಲ ಅಂತ.

ಮನೆಯಲ್ಲಿ ಕಾರಿತ್ತು. ನನ್ನ ಯಜಮಾನರು ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ, ಎನ್. ಬೇಗೂರಿನ ಕಡೆ ಸ್ಕೂಲ್ ಮೇಷ್ಟ್ರು. ವಾರವೆಲ್ಲ ಅಲ್ಲೇ ರೂಮು ಮಾಡಿಕೊಂಡಿದ್ದು ಶನಿವಾರ ಬರುತ್ತಿದ್ದರು. ಯಾರೋ ಮಾರುತ್ತಿದ್ದಾರೆ ಅಂತ ಒಂದು ಚಿಕ್ಕ ಬಿಳಿ ಕಾರು ತೆಗೆದುಕೊಂಡರು, ಆ ಕಾಡುದಾರಿಗೆ ಬೈಕೇ ಸರಿ ಅಂತ ಕಾರನ್ನು ಮನೆಯಲ್ಲೇ ಬಿಟ್ಟರು. ನಾನು ಹುಣಸೂರಿನ ಡ್ರೈವಿಂಗ್ ಸ್ಕೂಲಿಗೆ ಹೋಗಿ ಕಲಿತೆ. ಲೈಸೆನ್ಸ್ ಪೋಸ್ಟಿನಲ್ಲಿ ಬಂದ ದಿನ ಅದನ್ನು ದೇವರ ಮುಂದೆ ಇಟ್ಟು, ಭೇರ್ಯಕ್ಕೆ ನಾನೇ ಕಾರಿನಲ್ಲಿ ಹೋಗಿಬರುತ್ತೇನೆ ಅಂತ ಮನೆಯಲ್ಲಿ ಹೇಳಿದೆ. ಅತ್ತೆ ರಾಗಿ ಕೇರುತ್ತಿದ್ದವರು ಮೊರ ಕೆಳಗಿಟ್ಟರು.

"ಗಾಡಿ ಬುಡಕ್ಕೆ ಎಲ್ಡು ಕೈ ಬೇಕು, ಮಗೀನ ಇಡ್ಕಳಕ್ಕೆ ಎಲ್ಡು ಕೈ ಬೇಕು. ನಿಂಗೇನು ನಾಕು ಕೈ ಅವ?"

ಅತ್ತೆ ಕೆಟ್ಟವರಲ್ಲ, ಅವರ ಲೆಕ್ಕ ಸರಿಯಾಗಿಯೇ ಇತ್ತು. ಹೊಗೆಸೊಪ್ಪು ಬೇಯಿಸುವ ಕಾಲ ಅದು. ಸೊಪ್ಪು ಒಣಗಿಸುವ ಬ್ಯಾರನ್ನಿನ ಬೆಂಕಿ ಬಿಟ್ಟು ಯಾರೂ ಅಲ್ಲಾಡುವ ಹಾಗಿರಲಿಲ್ಲ, ನನ್ನ ಪಕ್ಕದಲ್ಲಿ ಕೂತು ಮಗು ಹಿಡಿದುಕೊಳ್ಳಲು ಎಲ್ಲಿಂದ ಆಳು ತರುವುದು? ಮಗಳೋ ಹಿಂದಿನ ಸೀಟಿನಲ್ಲಿ ಬಿಟ್ಟರೆ ಒಂದು ನಿಮಿಷ ಕೂರುವ ಪೈಕಿಯಲ್ಲ. ಕಾರು ಮತ್ತೆ ಕೊಟ್ಟಿಗೆಯ ಪಕ್ಕ ಧೂಳು ತಿನ್ನುತ್ತಾ ನಿಂತಿತು.

ಆಗಲೇ ಒಂದು ವಾರಪತ್ರಿಕೆಯಲ್ಲಿ ಚಿತ್ರ ನೋಡಿದೆ. ಕಾರಿನೊಳಗೆ ಇಡುವ ಮಕ್ಕಳ ಸೀಟು. ಅದರಲ್ಲಿ ಒಂದು ಮಗು ಬೆಲ್ಟು ಹಾಕಿಕೊಂಡು ಮಹಾರಾಜನ ಹಾಗೆ ಕೂತಿತ್ತು. ಹಿಡಿದುಕೊಳ್ಳುವವರು ಯಾರೂ ಇರಲಿಲ್ಲ. ನಾನು ಒಲೆಯ ಮೇಲಿನ ಸಾರನ್ನೂ ಮರೆತು ಆ ಪುಟವನ್ನೇ ನೋಡುತ್ತಾ ನಿಂತೆ. ಯಜಮಾನರಿಗೆ ಫೋನ್ ಮಾಡಿದರೆ, ಮೈಸೂರಿನಲ್ಲಿ ಅಂಥ ಅಂಗಡಿ ಒಂದಿದೆಯಂತೆ, ನೋಡಿ ತೆಗೆದುಕೊ ಅಂದರು. ಸಂತೋಷಕ್ಕೆ ಅವತ್ತೇ ಬ್ಯಾರನ್ನಿನ ಹತ್ತಿರ ಹೋಗಿ, ಸೌದೆ ಹಾಕುತ್ತಿದ್ದ ಮಾವನಿಗೆ ಹೇಳಿದೆ, ಮಗುವಿಗೆ ಮೈಸೂರಿನಲ್ಲಿ ಒಂದು ಒಳ್ಳೆಯ ಸೀಟು ನೋಡಬೇಕು ಮಾವ, ಅಂತ.

ಮಾವ ಕೈಯಲ್ಲಿದ್ದ ಸೌದೆ ಕೆಳಗೆ ಹಾಕಿ ಎದ್ದು ನಿಂತರು. ಅವರ ಮುಖ ಅಷ್ಟು ಅರಳಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ನಾನೂ ಬರುತ್ತೇನೆ, ಅಂಥ ಕಡೆ ಗಂಡಸರು ಒಬ್ಬರು ಜೊತೆಗಿರಬೇಕು ಅಂದರು. ಬ್ಯಾರನ್ನಿಗೆ ಒಂದು ದಿನದ ಮಟ್ಟಿಗೆ ಪಕ್ಕದ ಹೊಲದವರನ್ನು ಒಪ್ಪಿಸಿದರು. ಸೀಟು ತರಲು ಬರುವ ಈ ಮನುಷ್ಯ, ಸೀಟೇ ಇಲ್ಲದೆ ಮಗು ಹಿಡಿದುಕೊಂಡು ಭೇರ್ಯಕ್ಕೆ ಯಾಕೆ ಬರಬಾರದು ಅನ್ನುವ ಸಿಟ್ಟು ನನಗೆ ಒಂದು ಗಳಿಗೆ ಬಂದದ್ದು ನಿಜ. ಆದರೆ ಕೆಲಸ ಆಗುತ್ತಿರುವಾಗ ಬಾಯಿ ಮುಚ್ಚಿಕೊಂಡಿರುವುದೇ ಲೇಸು.

ಆಗ ನನಗೆ ಹೊಳೆಯದೆ ಹೋದದ್ದು ಏನೆಂದರೆ, ನಮ್ಮೂರಿನಲ್ಲಿ ಮಗುವಿಗೆ ಸೀಟು ಅಂದರೆ ಒಂದೇ ಅರ್ಥ, ಕಾನ್ವೆಂಟಿನ ಸೀಟು. ಮೊಮ್ಮಗಳನ್ನು ಮೈಸೂರಿನ ಇಂಗ್ಲಿಷ್ ಸ್ಕೂಲಿಗೆ ಸೇರಿಸುತ್ತಿದ್ದೇವೆ ಅಂತ ಮಾವ ತಿಳಿದಿದ್ದರು. ಹಾಲಿನ ಡೈರಿಯ ಮುಂದೆ ನಾಲ್ಕು ಜನಕ್ಕೆ ಸಾರಿಯೂ ಇದ್ದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ನಮ್ಮವರು. ಡೈರಿಯ ಹತ್ತಿರ ಒಬ್ಬ ಹೆಂಗಸು, ಇಷ್ಟು ಚಿಕ್ಕದಕ್ಕೇ ಸೀಟು ನೋಡುತ್ತಿದ್ದೀರಂತಲ್ಲ ಅಂದಳು. ಚಿಕ್ಕವರಿಗೇ ತಾನೇ ಸೀಟು ಬೇಕಾಗುವುದು, ದೊಡ್ಡವರಾದ ಮೇಲೆ ಯಾಕೆ ಅಂದೆ. ಅವಳು ಸ್ವಲ್ಪ ಯೋಚಿಸಿ, ಅದೂ ಸರಿಯೇ, ಆಮೇಲೆ ಎಲ್ಲಿ ಸಿಗುತ್ತದೆ ಅಂದಳು. ಇಬ್ಬರೂ ಒಬ್ಬರ ಮಾತನ್ನೊಬ್ಬರು ಒಪ್ಪಿಕೊಂಡು ಮನೆಗೆ ಹೋದೆವು.

ಮೈಸೂರಿಗೆ ಹೊರಟ ದಿನ ಮಾವ ಮದುವೆಗೆ ಉಡುವ ಪಂಚೆ ಉಟ್ಟಿದ್ದರು, ಹೆಗಲಿಗೆ ಶಲ್ಯ, ಬಗಲಲ್ಲಿ ಒಂದು ಪ್ಲಾಸ್ಟಿಕ್ ಕವರು. ಮೈಸೂರಿನ ಟ್ರಾಫಿಕ್ಕಿನಲ್ಲಿ ಕಾರು ಓಡಿಸುವ ಧೈರ್ಯ ನನಗಿನ್ನೂ ಬಂದಿರಲಿಲ್ಲವಾದ್ದರಿಂದ ಬಸ್ಸಿನಲ್ಲೇ ಹೋದೆವು. ಮಗಳು ದಾರಿಯುದ್ದಕ್ಕೂ ನನ್ನ ಮಡಿಲು, ತಾತನ ಮಡಿಲು, ಪಕ್ಕದವರ ಮಡಿಲು ಅಂತ ಮೂರನ್ನೂ ತುಳಿದು, ಮೈಸೂರು ಇನ್ನೇನು ಬಂತು ಅನ್ನುವಾಗ ತಾತನ ಶಲ್ಯದ ಮೇಲೆ ವಾಂತಿ ಮಾಡಿದಳು. ಮಾವ ಬಸ್‌ಸ್ಟ್ಯಾಂಡಿನ ನಲ್ಲಿಯಲ್ಲಿ ಶಲ್ಯ ತೊಳೆದು, ಹಿಂಡಿ, ಒದ್ದೆಯದನ್ನೇ ಮಡಿಸಿ ಹೆಗಲಿಗೆ ಹಾಕಿಕೊಂಡರು.

ಅಂಗಡಿಯ ಗೋಡೆಯ ತುಂಬ ಆನೆ, ಜಿರಾಫೆಯ ಚಿತ್ರ. ನೆಲದ ಮೇಲೆ ಎ ಬಿ ಸಿ ಡಿ ಬರೆದ ಬಣ್ಣದ ಚಾಪೆ. ಮೂಲೆಯಲ್ಲಿ ಜಾರುಬಂಡೆ, ಸಣ್ಣ ಸಣ್ಣ ಕುರ್ಚಿ. ಒಳಗೆ ಕನ್ನಡಕದವರೊಬ್ಬರು ಟೈ ಕಟ್ಟಿಕೊಂಡು ಕೂತಿದ್ದರು. ಮಾವ ಚಪ್ಪಲಿಯನ್ನು ಹೊರಗೇ ಬಿಟ್ಟು, ಒಳಗೆ ಬಂದು, ಅವರಿಗೆ ಬಗ್ಗಿ ನಮಸ್ಕಾರ ಮಾಡಿದರು. ದೊಡ್ಡವರು ಅಂತ ಅವರೂ ಎದ್ದು ನಿಂತು ನಮಸ್ಕಾರ ಮಾಡಿದರು. ಮೊಮ್ಮಗಳಿಗೆ ಒಂದು ಸೀಟು ಬೇಕಾಗಿತ್ತು ಅಂದರು ಮಾವ. ಕೊಡೋಣ, ಮಗುವಿಗೆ ವಯಸ್ಸೆಷ್ಟು ಅಂದರು ಅವರು. ಒಂದೂವರೆ ವರ್ಷ, ಬಲು ಹುಷಾರಿ ಅನ್ನುತ್ತಾ ಮಾವ ಪ್ಲಾಸ್ಟಿಕ್ ಕವರಿನಿಂದ ಹುಟ್ಟಿದ ಸರ್ಟಿಫಿಕೇಟು ತೆಗೆದು ಟೇಬಲ್ಲಿನ ಮೇಲಿಟ್ಟರು. ಅಂಗಡಿಯವರು ಅದನ್ನೂ ನೋಡಿದರು, ನನ್ನನ್ನೂ ನೋಡಿದರು, ಆಮೇಲೆ ಮಗುವಿನ ತೂಕ ಎಷ್ಟಿದೆ ಅಂತ ಕೇಳಿದರು. ಸೀಟಿಗೆ ತೂಕ ಯಾಕೆ ಅಂದರು ಮಾವ. ತೂಕ ನೋಡದೆ ಸೀಟು ಕೊಡುವ ಹಾಗಿಲ್ಲ ಯಜಮಾನರೇ ಅಂದರು ಅವರು.

ಮಾವ ನನ್ನ ಕಿವಿಯ ಹತ್ತಿರ ಬಗ್ಗಿದರು. "ಇದ್ಯಾವ ಇಸ್ಕೂಲವ್ವ, ತಕ್ಕಡೀಗಾಕಿ ಸೇರುಸ್ಕತಾರೆ?"

ಆಗ ನನಗೆ ಎಲ್ಲ ಅರ್ಥವಾಯಿತು. ಮದುವೆಯ ಪಂಚೆ, ಡೈರಿಯ ಹೆಂಗಸು, ಬ್ಯಾರನ್ ಬಿಟ್ಟು ಬಂದದ್ದು, ಎಲ್ಲ ಒಟ್ಟಿಗೆ. ನಗು ಗಂಟಲಿಗೆ ಬಂತು. ಆದರೆ ಒದ್ದೆ ಶಲ್ಯ ಹಾಕಿಕೊಂಡು ಬರಿಗಾಲಲ್ಲಿ ನಿಂತಿದ್ದ ಅವರನ್ನು ನೋಡಿ ನಗಲಾಗಲಿಲ್ಲ. ಇದು ಸ್ಕೂಲಲ್ಲ ಮಾವ, ನಾನು ಹೇಳಿದ್ದು ಕಾರಿನಲ್ಲಿ ಮಗು ಕೂರಿಸುವ ಸೀಟು, ಅಂತ ಮೆಲ್ಲಗೆ ಹೇಳಿದೆ. ಮಾವ ಸುತ್ತಲೂ ಕಣ್ಣಾಡಿಸಿದರು. ಸರ್ಟಿಫಿಕೇಟನ್ನು ಮಡಿಸಿ ಕವರಿಗೆ ಹಾಕಿದರು. ಅಂಗಡಿಯವರು ಸದ್ಯ, ಏನೂ ಕೇಳಿಸದವರ ಹಾಗೆ ಒಳಗೆ ಹೋಗಿ ಸೀಟುಗಳನ್ನು ತರತೊಡಗಿದರು. ಈಗ ಮಾವ ಎದ್ದು ಹೋಗುತ್ತಾರೆ, ನನ್ನ ಭೇರ್ಯ ಇಲ್ಲಿಗೇ ಮುಗಿಯಿತು ಅಂದುಕೊಂಡೆ.

ಮಾವ ಎದ್ದು ಹೋಗಲಿಲ್ಲ. ಸಣ್ಣ ಕುರ್ಚಿಯೊಂದರ ಮೇಲೆ ಕೂತು, ತಂದಿಟ್ಟ ಸೀಟಿನ ಬೆಲ್ಟನ್ನು ಎಳೆದು ನೋಡಿ, ಕೇಳಿದರು. "ಇದ್ರಲ್ಲಿ ಕೂರುಸುದ್ರೆ, ಮಗೀನ ಇಡ್ಕಳೋರು ಬ್ಯಾಡ್ವಾ?"

"ಬೇಡ ಮಾವ."

"ನೀನೊಬ್ಳೇ ಓಗ್ಬುಟ್ಟು ಬರ್ಬೋದಾ?"

ಹೂಂ ಅಂದೆ. ಮಾವ ಪಂಚೆ ಎತ್ತಿ ಕಟ್ಟಿದರು. ಹಾಗೆ ಪಂಚೆ ಎತ್ತಿ ಕಟ್ಟಿದರೆ ಕೆಲಸಕ್ಕೆ ಇಳಿದರು ಅಂತಲೇ ಅರ್ಥ.

ಅಲ್ಲಿದ್ದದ್ದು ಮೂರು ಬಗೆ. ಮೊದಲನೆಯದು ಬುಟ್ಟಿಯ ಹಾಗಿತ್ತು, ಹಸುಗೂಸಿನದು. ನನ್ನ ಮಗಳು ಅದರೊಳಗೆ ನಿಂತೇ ಬಿಟ್ಟಳು. ಎರಡನೆಯದು ಮುಂದಕ್ಕೆ ಮುಖ ಮಾಡಿ ಕೂರುವ ಗಟ್ಟಿ ಸೀಟು. ನೋಡಲು ಚೆನ್ನಾಗಿತ್ತು, ಹಗುರವಾಗಿತ್ತು, ನನ್ನ ಮನಸ್ಸು ಅದರ ಮೇಲೇ ಕೂತಿತು. ಅಂಗಡಿಯವರು ತೋರಿಸಲು ಇಟ್ಟಿದ್ದ ಹಳೆಯ ಕಾರಿನ ಸೀಟಿನ ಮೇಲೆ ಅದನ್ನು ಕಟ್ಟಿ, ಕಾರಿನ ಬಾಗಿಲಿನಷ್ಟು ಜಾಗ ಬಿಟ್ಟು, ಪಕ್ಕದಿಂದ ಮಗುವನ್ನು ಕೂರಿಸಿ ನೋಡಿ ಅಂದರು. ಮಗಳು ಬೆನ್ನನ್ನು ಬಿಲ್ಲಿನ ಹಾಗೆ ಹಿಂದಕ್ಕೆ ಬಗ್ಗಿಸಿ, ಕಾಲು ನೆಟ್ಟಗೆ ಚಾಚಿ, ಊರಿಗೇ ಕೇಳುವ ಹಾಗೆ ಅರಚಿದಳು. ಬಗ್ಗಿ ಬಗ್ಗಿ ನನ್ನ ಸೊಂಟ ಹಿಡಿಯಿತು. ಅವಳ ಕೈಯೊಂದು ಬೆಲ್ಟಿನ ಒಳಗೆ ಹೋದರೆ ಇನ್ನೊಂದು ಹೊರಗೆ ಬರುತ್ತಿತ್ತು. ರಸ್ತೆಯ ಮಗ್ಗುಲಲ್ಲಿ ನಾನೊಬ್ಬಳೇ ನಿಂತು ಈ ಕುಸ್ತಿ ಮಾಡುವುದನ್ನು ನೆನೆಸಿಕೊಂಡು ಬೆವರಿದೆ.

ಮೂರನೆಯದನ್ನು ಬೆಂಗಳೂರಿನಿಂದ ತರಿಸಿದ್ದಂತೆ, ಅಂಗಡಿಯಲ್ಲಿದ್ದದ್ದು ಒಂದೇ. ಅದರ ಕೆಳಗೆ ಒಂದು ಹಿಡಿಕೆ. ಅದನ್ನು ಎಳೆದರೆ ಇಡೀ ಸೀಟು ಕಟ್ಟಿದ ಜಾಗದಲ್ಲೇ ಬಾಗಿಲ ಕಡೆಗೆ ತಿರುಗುತ್ತಿತ್ತು. ಅಂಗಡಿಯವರು ತಿರುಗಿಸಿದರು. ಸೀಟು ಬನ್ನಿ ಅನ್ನುವ ಹಾಗೆ ನಮ್ಮ ಕಡೆ ಮುಖ ಮಾಡಿ ನಿಂತಿತು. ಅಳುತ್ತಿದ್ದ ಮಗಳು ಅಳು ನಿಲ್ಲಿಸಿದಳು. ಮಾವ ಎತ್ತಿ ಅಂಚಿಗೆ ಬಿಟ್ಟರು, ಅವಳೇ ಹಿಂದಕ್ಕೆ ಸರಿದು, ಮನೆಯ ಜಗುಲಿಯ ಮೇಲೆ ಕೂತಷ್ಟು ಸಲೀಸಾಗಿ ಕೂತಳು. ಬೆಲ್ಟು ಹಾಕಿ, ಮುಂದಕ್ಕೆ ತಿರುಗಿಸಿದರೆ ಟಕ್ ಅಂತ ಒಂದು ಸದ್ದು. ಆ ಸದ್ದು ಕೇಳಿದ್ದೇ ತಡ ಭೇರ್ಯದ ರಸ್ತೆ ಕಣ್ಣ ಮುಂದೆ ಬಂತು.

ಮಾವ ಮಾತ್ರ ಅಷ್ಟು ಸುಲಭಕ್ಕೆ ಒಪ್ಪುವವರಲ್ಲ. ತಿರುಗುವುದು ಏನಿದ್ದರೂ ಸವೆಯುತ್ತದೆ, ಗಾಡಿ ಓಡುವಾಗ ತಾನಾಗಿ ತಿರುಗಿದರೆ ಏನು ಗತಿ ಅಂದರು. ಅಂಗಡಿಯವರು, ಟಕ್ ಅಂದ ಮೇಲೆ ಹಿಡಿಕೆ ಎಳೆಯದೆ ತಿರುಗುವುದಿಲ್ಲ, ಬೇಕಾದರೆ ಪರೀಕ್ಷೆ ಮಾಡಿ ಅಂದರು. ಹಾಗೆ ಹೇಳಬಾರದಿತ್ತು. ಮಾವ ಮಗುವನ್ನು ಇಳಿಸಿ, ಸೀಟಿನ ಎರಡು ಪಕ್ಕ ಹಿಡಿದು, ಹೊಸ ನೊಗದ ಹಗ್ಗ ಎಳೆದು ನೋಡುವ ಹಾಗೆ ಅತ್ತ ಎಳೆದರು, ಇತ್ತ ಎಳೆದರು, ಕಾಲು ಕೊಟ್ಟು ತಳ್ಳಿದರು. ಬೆಲ್ಟಿಗೆ ಜೋತು ಬಿದ್ದರು. ತೋರಿಸುವ ಕಾರಿನ ಸೀಟೇ ನೆಲದ ಮೇಲೆ ಒಂದು ಮೊಳ ಜರುಗಿತೇ ಹೊರತು ಇದು ತಿರುಗಲಿಲ್ಲ. ಬೆಲೆ ಹೇಳಿದಾಗ ಮಾತ್ರ ಮಾವನಿಗೆ ಒಂದು ಕೆಮ್ಮು ಬಂತು. ಆಮೇಲೆ ನನ್ನ ಕಡೆ ತಿರುಗಿ ಅಂದರು, "ತಕ್ಕಳವ್ವ. ಎಂಗೂ ಸೀಟ್ಗೇ ಅಂತ ಬಂದಿದ್ದೀವಿ."

ಬರುವಾಗ ಬಸ್ಸಿನಲ್ಲಿ ಆ ಸೀಟನ್ನು ಒಂದು ಸೀಟಿನ ಮೇಲಿಟ್ಟು ಮಗಳನ್ನು ಅದರಲ್ಲಿ ಕೂರಿಸಿದೆವು. ಕಂಡಕ್ಟರ್ ಬಂದು, ಇದೇನು ಸೀಟಿಗೂ ಸೀಟು ಹಿಡಿದಿದ್ದೀರಾ ಅಂದ. ಮಾವ ಧಾರಾಳವಾಗಿ ಅದಕ್ಕೂ ಒಂದು ಟಿಕೆಟ್ ತೆಗೆಸಿದರು. ಹಿಡಿಕೆ ಎಳೆದು ತಿರುಗಿಸಿ ತಿರುಗಿಸಿ ತೋರಿಸುತ್ತಾ, ಕಾನ್ವೆಂಟಿನ ವಿಚಾರ ತಾವು ಹುಟ್ಟಿದ ಮೇಲೆ ಕೇಳಿಯೇ ಇಲ್ಲವೇನೋ ಅನ್ನುವ ಹಾಗೆ ಬಸ್ಸಿನವರಿಗೆಲ್ಲ ಸೀಟಿನ ಗುಣವನ್ನು ಹುಣಸೂರಿನವರೆಗೂ ವರ್ಣಿಸಿದರು.

ಮನೆಗೆ ಬಂದು ಕಟ್ಟಲು ಹೋದರೆ ನಮ್ಮ ಕಾರಿನ ಹಿಂದಿನ ಸೀಟಿಗೆ ಬೆಲ್ಟೇ ಕಾಣಲಿಲ್ಲ. ಕೈಹಾಕಿ ತಡಕಿದರೆ, ಹಿಂದಿನ ಮಾಲೀಕರು ಅಂದಕ್ಕೆ ಅಂತ ಹೊಲಿಸಿದ್ದ ರೆಕ್ಸಿನ್ ಹೊದಿಕೆಯ ಅಡಿಯಲ್ಲಿ ಬೆಲ್ಟುಗಳು ಹಾವಿನ ಹಾಗೆ ಸುರುಳಿ ಸುತ್ತಿ ಮಲಗಿದ್ದವು. ಮಾವ ಬ್ಲೇಡು ತಂದು ಹೊದಿಕೆ ಕುಯ್ದರು. ಎಡಗಡೆಯ ಬಾಗಿಲ ಪಕ್ಕ, ಕನ್ನಡಿಯಲ್ಲಿ ನನಗೆ ಕಾಣುವ ಕಡೆ, ಸೀಟನ್ನು ಕಟ್ಟಿ ಮತ್ತೊಮ್ಮೆ ಕಾಲು ಕೊಟ್ಟು ಎಳೆದು ನೋಡಿದರು.

ಉಳಿದವರು ಅತ್ತೆ. ಮಗುವನ್ನು ಕರುವಿನ ಹಾಗೆ ಕಟ್ಟಿಹಾಕುತ್ತೀರಾ ಅಂತ ಶುರು ಮಾಡಿದರು. ಅದಕ್ಕೆ ಏನೋ ಸಮಾಧಾನ ಹೇಳಿದೆ. ಮಾರನೆಯ ಬೆಳಿಗ್ಗೆ ಮಗಳನ್ನು ಕೂರಿಸಬೇಕು ಅನ್ನುವಾಗ ನಿಜವಾದ ತಕರಾರು ಬಂತು. ಕಾರು ನಿಂತಿದ್ದದ್ದು ದಕ್ಷಿಣಕ್ಕೆ ಮೂತಿ ಮಾಡಿ.

"ಮೊದುಲ್ನೇ ದಪ ತೆಂಕ್ಲು ಮೊಕ ಮಾಡಿ ಮಗೀನ ಕೂರುಸ್ತಾರಾ? ನಾನು ಒಪ್ಪಾಕಿಲ್ಲ ಕಣವ್ವ."

ನಮ್ಮಲ್ಲಿ ದಕ್ಷಿಣ ಯಮನ ದಿಕ್ಕು. ಹೊಸ ಕೆಲಸಕ್ಕೆ ಯಾರೂ ಆ ಕಡೆ ಮುಖ ಮಾಡುವುದಿಲ್ಲ. ಕಾರು ತಿರುಗಿಸೋಣವೆಂದರೆ ಹಿಂದೆ ಬ್ಯಾರನ್ನಿನ ಸೌದೆ ಆಳುದ್ದ ಪೇರಿಸಿತ್ತು, ಮುಂದೆ ಕೊಟ್ಟಿಗೆ, ಪಕ್ಕದ ಸಂದಿಯಲ್ಲಿ ಹಿಂದಕ್ಕೆ ಹೋಗಬಹುದಿತ್ತೇ ಹೊರತು ತಿರುಗಿಸುವ ಹಾಗಿರಲಿಲ್ಲ. ಅಷ್ಟೂ ಸೌದೆ ಸರಿಸುವ ಹೊತ್ತಿಗೆ ಸೂರ್ಯ ನೆತ್ತಿಗೆ ಬರುತ್ತಾನೆ, ಆಮೇಲೆ ಅತ್ತೆಗೆ ರಾಹುಕಾಲ ನೆನಪಾಗುತ್ತದೆ. ಸಿಟ್ಟಿನಲ್ಲಿ ಕಾರಿನ ಬಾಗಿಲನ್ನು ದಡಾರನೆ ತೆರೆದೆ. ಬೆಳಗಿನ ಬಿಸಿಲು ನೇರ ಸೀಟಿನ ಮೇಲೆ ಬಿತ್ತು. ಆಗ ಹೊಳೆಯಿತು. ದಕ್ಷಿಣಕ್ಕೆ ನಿಂತ ಕಾರಿನ ಎಡಬಾಗಿಲು ಪೂರ್ವಕ್ಕೆ ತಾನೇ? ಹಿಡಿಕೆ ಎಳೆದೆ. ಸೀಟು ತಿರುಗಿ ಸೂರ್ಯನ ಎದುರು ನಿಂತಿತು.

ಅತ್ತೆ ಸೀಟು ನೋಡಿದರು, ಸೂರ್ಯನನ್ನು ನೋಡಿದರು. ಒಳಗೆ ಹೋಗಿ ಕುಂಕುಮದ ನೀರಿನ ತಟ್ಟೆ ತಂದು, ಪೂರ್ವಕ್ಕೆ ಮುಖ ಮಾಡಿ ಕೂತ ಮೊಮ್ಮಗಳಿಗೆ ಆರತಿ ಎತ್ತಿದರು. ದೃಷ್ಟಿ ತೆಗೆದು, ಬೆಲ್ಲ ತಿನ್ನಿಸಿ, ಆಮೇಲೆ ಯಾರೂ ಹೇಳಿಕೊಡದೆ ತಾವೇ ಹಿಡಿಕೆ ಎಳೆದು ಟಕ್ ಅನ್ನಿಸಿದರು. ಎರಡು ದಿನ ಇದ್ದು ಬಾ, ನಿಧಾನ ಹೋಗು ಅಂದರು. ಸೌದೆಯ ಪಕ್ಕದ ಸಂದಿಯಲ್ಲಿ ಮಾವ ಕೈ ತೋರಿಸುತ್ತಾ ತೋರಿಸುತ್ತಾ ನನ್ನನ್ನು ರಸ್ತೆಗೆ ಬಿಟ್ಟರು.

ಆ ದಾರಿಯನ್ನು ನಾನು ಎಷ್ಟು ಸಲ ಬಸ್ಸಿನ ಕಿಟಕಿಯಿಂದ ನೋಡಿದ್ದೆನೋ. ಸ್ಟೇರಿಂಗ್ ಹಿಂದಿನಿಂದ ನೋಡಿದಾಗ ಅದು ಬೇರೆಯೇ ದಾರಿ. ಕಬ್ಬಿನ ಟ್ರ್ಯಾಕ್ಟರ್ ಬಂದಾಗ ಉಸಿರು ಬಿಗಿಹಿಡಿದು ಮಗ್ಗುಲಿಗೆ ಸರಿದೆ. ಅದು ದಾಟಿಹೋದ ಮೇಲೆ ಜೋರಾಗಿ ನಕ್ಕೆ. ಕನ್ನಡಿಯಲ್ಲಿ ಮಗಳೂ ನಕ್ಕಳು. ಎಮ್ಮೆ ಕಂಡರೆ ಕಿರುಚುತ್ತಿದ್ದಳು, ಹುಣಸೆ ಮರ ಕಂಡರೂ ಕಿರುಚುತ್ತಿದ್ದಳು. ಎತ್ತರದಲ್ಲಿ ಕೂತಿದ್ದರಿಂದ ಅವಳಿಗೆ ಎಲ್ಲ ಕಾಣುತ್ತಿತ್ತು, ವಾಂತಿಯ ನೆನಪೂ ಅವಳಿಗೆ ಆಗಲಿಲ್ಲ. ಕೆ.ಆರ್. ನಗರದ ಹತ್ತಿರ ರೈಲ್ವೆ ಗೇಟು ಹಾಕಿತ್ತು. ಸೌತೆಕಾಯಿ ಮಾರುವವಳೊಬ್ಬಳು ಒಳಗೆ ಬಗ್ಗಿ ನೋಡಿ, ಮಗುವಿಗೆ ಸಿಂಹಾಸನ ಮಾಡಿಸಿದ್ದೀಯಲ್ಲ ತಾಯಿ ಅಂದಳು. ಸಂತೋಷಕ್ಕೆ ಅವಳಿಂದ ಬೇಡದಿದ್ದರೂ ಒಂದು ಮಡಿಲು ಸೌತೆಕಾಯಿ ತೆಗೆದುಕೊಂಡೆ. ಗದ್ದೆಯ ಬಯಲು ಬಂತು, ನಾಲೆ ಬಂತು. ನನ್ನೂರಿನ ಬೋರ್ಡು ಕಂಡಾಗ ಕಣ್ಣು ಮಂಜಾಯಿತು, ಸೆರಗಿನಲ್ಲಿ ಒರೆಸಿಕೊಳ್ಳಲು ಕಾರು ನಿಲ್ಲಿಸಬೇಕಾಯಿತು.

ಅವ್ವ ಬಾಗಿಲಲ್ಲಿ ಭತ್ತ ಹರವುತ್ತಿದ್ದಳು. ಹಾರನ್ ಹೊಡೆದೆ, ಮಂಡಿ ಹಿಡಿದುಕೊಂಡು ಎದ್ದಳು. ನಾನು ಇಳಿದು ಹಿಂದಿನ ಬಾಗಿಲು ತೆರೆದು ಸೀಟನ್ನು ಅವಳ ಕಡೆಗೆ ತಿರುಗಿಸಿ, ಬೆಲ್ಟು ಬಿಚ್ಚಿ, ಮಗಳನ್ನು ನೆಲಕ್ಕೆ ಬಿಟ್ಟೆ. ಮಗಳು ಭತ್ತದ ಮೇಲೆಯೇ ನಡೆದುಕೊಂಡು ಹೋಗಿ ಅಜ್ಜಿಯ ಸೀರೆ ಹಿಡಿದಳು. ಅವ್ವ ಅವಳನ್ನು ಎತ್ತಿಕೊಂಡು ಕೆನ್ನೆ, ಹಣೆ, ಕಾಲು ಎಲ್ಲ ಮುತ್ತಿಟ್ಟಳು. ಆಮೇಲೆ ಕಾರಿನ ಆಚೆ ಬದಿಗೆ ಹೋಗಿ ಬಗ್ಗಿ ಒಳಗೆ ನೋಡಿದಳು. ರಸ್ತೆಯ ಕಡೆಗೂ ನೋಡಿದಳು.

"ಯಾರು ಕರ್ಕಂಬಂದ್ರು ಮಗ? ಅವ್ರುನ್ನ ಒಳೀಕೆ ಕರಿ, ಕಾಪಿ ಮಡುಗ್ತೀನಿ."

"ಯಾರೂ ಇಲ್ಲ ಕಣವ್ವ. ನಾನೇ ಬಂದೆ."

ಅವ್ವನಿಗೆ ನಂಬಿಕೆ ಬರಲಿಲ್ಲ. ಮತ್ತೊಂದು ಸಲ ಒಳಗೆ ನೋಡಿದಳು. ನಾನು ಸೀಟು ತಿರುಗಿಸಿ, ಹಿಡಿಕೆ ಎಳೆದು, ಬೆಲ್ಟು ಹಾಕುವುದನ್ನೆಲ್ಲ ತೋರಿಸಿದೆ. ಬಾಯಿಗೆ ಬಂದ ಹಾಗೆ ಮಾತಾಡುತ್ತಿದ್ದೆ, ದಾರಿಯ ಟ್ರ್ಯಾಕ್ಟರು, ಗೇಟು, ಸೌತೆಕಾಯಿ ಅಂತ. ಅವ್ವ ಕೇಳಿಸಿಕೊಳ್ಳುತ್ತಿರಲಿಲ್ಲ. ಮುಂದಿನ ಖಾಲಿ ಸೀಟಿನ ಮೇಲೆ ಕೈಯಿಟ್ಟು, ಅದು ಎಷ್ಟು ಎತ್ತರವಿದೆ, ಕಾಲು ಎಲ್ಲಿ ಇಡಬೇಕು ಅಂತ ನೋಡುತ್ತಿದ್ದಳು. ಅವಳ ತವರು ಪಿರಿಯಾಪಟ್ಟಣದ ಆಚೆ. ಅಣ್ಣಂದಿರು ತೀರಿಕೊಂಡ ಮೇಲೆ ಅವಳನ್ನು ಕರೆಯಲು ಅಲ್ಲಿಂದ ಯಾರೂ ಬಂದಿರಲಿಲ್ಲ.

"ಇದು ಪಿರಿಯಾಪಟ್ಣುಕ್ಕೂ ಓಯ್ತದಾ?" ಅಂದಳು.

"ನಾಳೆ ಬೆಳಿಗ್ಗೆ ಹೋಗಣ ಕಣವ್ವ" ಅಂದೆ.

ಅವ್ವ ಮಗುವನ್ನು ನನ್ನ ಕೈಗೆ ಕೊಟ್ಟು, ನಾಳೆಗೆ ಸೀರೆ ತೆಗೆದಿಡಲು ಒಳಗೆ ಹೋದಳು.